ಜೆಬೆಲ್ ಅಲಿಯ ಪಾಟ್‌ಗಳು: ಕೆಲವು ಟಿಪ್ಪಣಿಗಳು

1
ಜೆಬೆಲ್ ಅಲಿ ದುಬೈ ಪೇಟೆಯಿಂದ ನೈರುತ್ಯಕ್ಕೆ ಸುಮಾರು 35 ಕಿಲೋಮೀಟರ್. ಇಲ್ಲಿ ಕೊಲ್ಲಿ ತಾನಾಗಿ ಒಳಕ್ಕೆ ಬಾಗಿಲ್ಲ. ಮರಳು ತೋಡಿ ಕಡಲನ್ನು ನೆಲದೊಳಕ್ಕೆ ಬಿಟ್ಟುಕೊಂಡಿದ್ದಾರೆ. ಕೆಲಸ ಶುರುವಾದದ್ದು 1976ರಲ್ಲಿ. 1979ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ರಾಣಿ ಎರಡನೇ ಎಲಿಜಬೆತ್ ಬಂದು ಬಂದರು ತೆರೆದರು. 60ಕ್ಕೂ ಹೆಚ್ಚು ಧಕ್ಕೆಗಳು. ಇಷ್ಟೊಂದು ಧಕ್ಕೆಗೆ ಬರುವ ಹಡಗುಗಳೆಲ್ಲಿವೆ ಎಂದು ಆಗ ಕೇಳಿದವರಿದ್ದರು.

2
ಅದೇ 1979ರಲ್ಲಿ ಬಂದರಿನ ಮಗ್ಗುಲ ಕಾರ್ಖಾನೆಯಿಂದ ಮೊದಲ ಅಲ್ಯೂಮಿನಿಯಂ ಹೊರಬಂತು. ಹೆಸರು ಡುಬಾಲ್. ಶೇಖ್ ರಾಶಿದ್ ಆಳ್ವಿಕೆಯಲ್ಲಿ, 1975ರಲ್ಲಿ ಸ್ಥಾಪಿಸಿದ ಕಂಪನಿ. ಮೊದಲಿಗೆ ಮೂರು ಸಾಲು, 360 ಪಾಟ್ (ಲೋಹ ತಯಾರಾಗುವ ತೊಟ್ಟಿ), ವರ್ಷಕ್ಕೆ 1,35,000 ಟನ್ ಸಾಮರ್ಥ್ಯ.

3
ಕಾರ್ಖಾನೆಗೆ ಬೇಕಾದವು: ಅಲ್ಯೂಮಿನಾ, ಕಾರ್ಬನ್, ಕ್ರಯೋಲೈಟ್, ವಿದ್ಯುತ್ತು.

ದುಬೈಯಲ್ಲಿ ಅಲ್ಯೂಮಿನಾದ ಅದಿರು ಬಾಕ್ಸೈಟ್ ಇಲ್ಲ. ಕಲ್ಲಿದ್ದಲು ಇಲ್ಲ. ಕ್ರಯೋಲೈಟ್ ಇಲ್ಲ. ನದಿ ಇಲ್ಲ.

4
ಇದ್ದದ್ದು ಅನಿಲ. ಕಡಲೊಳಗಿನ ಫತೇಹ್ ಕ್ಷೇತ್ರದಲ್ಲಿ ಎಣ್ಣೆ ಸಿಕ್ಕಿದ್ದು 1966ರಲ್ಲಿ. ಎಣ್ಣೆಯ ಜೊತೆ ಅನಿಲವೂ ಬರುತ್ತದೆ. ಆ ಕಾಲಕ್ಕೆ ಕೊಲ್ಲಿಯ ಉದ್ದಕ್ಕೂ ಅದನ್ನು ಬಾವಿಯ ಬಾಯಲ್ಲೇ ಉರಿಸಿಬಿಡುವುದು ರೂಢಿ. ರಾತ್ರಿ ಹಡಗಿನವರಿಗೆ ದೂರದಿಂದಲೇ ಕಾಣುತ್ತಿತ್ತು.

5
ಅಲ್ಯೂಮಿನಾ ಅಂದರೆ ಬಿಳಿ ಪುಡಿ. ಬಹುಕಾಲ ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಬಂತು. ಹಡಗಿನ ಹೊಟ್ಟೆಗೆ ಕೊಳವೆ ಇಳಿಸಿ ಹೀರಿ ತೆಗೆಯುತ್ತಾರೆ. ಎರಡು ಟನ್ ಪುಡಿಗೆ ಒಂದು ಟನ್ ಲೋಹ. ಮಿಕ್ಕದ್ದು ಆಮ್ಲಜನಕ. ಅಂದರೆ ಹಿಂದೂ ಮಹಾಸಾಗರ ದಾಟಿ ಬಂದ ಸರಕಿನಲ್ಲಿ ಹೆಚ್ಚುಕಡಿಮೆ ಅರ್ಧ ತೂಕ, ಉಸಿರಾಡುವ ಗಾಳಿಯಲ್ಲೇ ಇರುವ ವಸ್ತು.

6
ಆ ಆಮ್ಲಜನಕ ಆಮ್ಲಜನಕವಾಗಿಯೇ ಹೋಗುವುದಿಲ್ಲ. ಆನೋಡಿನ ಕಾರ್ಬನ್ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಒಂದು ಟನ್ ಲೋಹಕ್ಕೆ 400 ಕಿಲೋಗಿಂತ ಹೆಚ್ಚು ಕಾರ್ಬನ್ ಸವೆಯುತ್ತದೆ.

7
ಆನೋಡ್ ಅಂದರೆ ಕಪ್ಪು ದಿಮ್ಮಿ. ಎಣ್ಣೆ ಶುದ್ಧೀಕರಣದಲ್ಲಿ ತಳದಲ್ಲಿ ಉಳಿಯುವ ಕೋಕ್, ಕಲ್ಲಿದ್ದಲಿನ ಡಾಂಬರು. ಎರಡನ್ನೂ ಬೆರೆಸಿ, ಅಚ್ಚಿಗೆ ಒತ್ತಿ, 1,100 ಡಿಗ್ರಿಯ ಆಸುಪಾಸಿನಲ್ಲಿ ವಾರಗಟ್ಟಲೆ ಬೇಯಿಸುತ್ತಾರೆ. ಪಾಟ್‌ನಲ್ಲಿ ಇಳಿಬಿಟ್ಟರೆ ನಾಲ್ಕು ವಾರದಲ್ಲಿ ಸವೆಯುತ್ತದೆ. ಉಳಿದ ತುಂಡನ್ನು ತೆಗೆದು, ಪುಡಿ ಮಾಡಿ, ಹೊಸ ಆನೋಡಿಗೆ ಬೆರೆಸುತ್ತಾರೆ. ಪಾಟ್‌ಲೈನಿನಲ್ಲಿ ಇದು ದಿನವೂ ನಡೆಯುವ ಕೆಲಸ. ಎಲ್ಲ ಆನೋಡುಗಳೂ ಹೊಸವಾಗಿರುವ ದಿನ ಬರುವುದೇ ಇಲ್ಲ. ಎಲ್ಲವೂ ಹಳೆಯವಾಗಿರುವ ದಿನವೂ ಬರುವುದಿಲ್ಲ.

8
ಕರೆಂಟು ಹಾಯಿಸಿ ಲೋಹ ಬೇರ್ಪಡಿಸುವ ಈ ವಿಧಾನ 1886ರದ್ದು. ಅಮೆರಿಕದಲ್ಲಿ ಚಾರ್ಲ್ಸ್ ಮಾರ್ಟಿನ್ ಹಾಲ್, ಫ್ರಾನ್ಸಿನಲ್ಲಿ ಪಾಲ್ ಎರೂ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಇಬ್ಬರೂ ಹುಟ್ಟಿದ್ದು 1863ರಲ್ಲಿ. ಇಬ್ಬರೂ ಸತ್ತದ್ದು 1914ರಲ್ಲಿ.

9
ಅಂದಿನಿಂದ ಇಂದಿನವರೆಗೆ ಕಾರ್ಖಾನೆಗಳಲ್ಲಿ ಅದೇ ವಿಧಾನ. ಪಾಟ್ ದೊಡ್ಡದಾಗಿದೆ, ಅಷ್ಟೆ. ಹೀಗೆಂದರೆ ಎಂಜಿನಿಯರುಗಳಿಗೆ ಇಷ್ಟವಾಗುವುದಿಲ್ಲ.

10
ಅಲ್ಯೂಮಿನಾ ಕರಗಬೇಕಾದರೆ 2,000 ಡಿಗ್ರಿ ದಾಟಬೇಕು. ಕರಗಿದ ಕ್ರಯೋಲೈಟ್‌ಗೆ ಹಾಕಿದರೆ 960 ಡಿಗ್ರಿಯಲ್ಲೇ ಬೆರೆತುಹೋಗುತ್ತದೆ. ಹಾಲ್ ಮತ್ತು ಎರೂ ಕಂಡುಕೊಂಡದ್ದು ಇದನ್ನು. ಕ್ರಯೋಲೈಟ್‌ಗೆ ಗಣಿಯೆಂಬಷ್ಟು ದೊಡ್ಡ ನಿಕ್ಷೇಪ ಇದ್ದದ್ದು ಗ್ರೀನ್‌ಲ್ಯಾಂಡಿನ ಇವಿಟ್ಟೂಟ್‌ನಲ್ಲಿ. 1987ರಲ್ಲಿ ಆ ಗಣಿ ಮುಚ್ಚಿತು. ಈಗ ಎಲ್ಲ ಕಡೆ ರಾಸಾಯನಿಕವಾಗಿ ತಯಾರಿಸಿದ್ದೇ.

11
ಪಾಟ್ ಅಂದರೆ ಉಕ್ಕಿನ ತೊಟ್ಟಿ. ಒಳಗೆ ಇಟ್ಟಿಗೆ, ಅದರ ಮೇಲೆ ಕಾರ್ಬನ್. ಕರಗಿದ ಕ್ರಯೋಲೈಟನ್ನು ಬಹುಕಾಲ ತಡೆದು ನಿಲ್ಲುವ ವಸ್ತು ಬಲು ಅಪರೂಪ. ಹಾಗಾಗಿ ಪಾಟ್‌ನ ಬದಿಗಳನ್ನು ಒಂದಿಷ್ಟು ತಣ್ಣಗೆ ಇಡುತ್ತಾರೆ. ಅಲ್ಲಿ ಕ್ರಯೋಲೈಟೇ ಹೆಪ್ಪುಗಟ್ಟಿ ಗೋಡೆಯಾಗುತ್ತದೆ. ಕ್ರಯೋಲೈಟನ್ನು ತಡೆಯುವುದು ಕ್ರಯೋಲೈಟ್.

12
ಕಬ್ಬಿಣದ ಕುಲುಮೆಯಲ್ಲಿ ಉರಿ ಕಾಣುತ್ತದೆ. ಇಲ್ಲಿ ಉರಿ ಇಲ್ಲ. ಕೆಳಗೆ ಒಲೆಯೂ ಇಲ್ಲ. ಕರೆಂಟು ಹಾದುಹೋಗುವಾಗ ಆಗುವ ಬಿಸಿಯೇ ಬಿಸಿ.

13
ಒಂದು ಪಾಟ್‌ಗೆ ಬೇಕಾದದ್ದು ನಾಲ್ಕು, ನಾಲ್ಕೂವರೆ ವೋಲ್ಟ್. ಟಾರ್ಚಿಗೆ ಹಾಕುವ ಮೂರು ಸೆಲ್ ಕೊಡುವಷ್ಟು. ಆಂಪಿಯರ್ ಲೆಕ್ಕ ಬೇರೆ. ಹೊಸ ಸಾಲುಗಳಲ್ಲಿ ನಾಲ್ಕು ಲಕ್ಷ ದಾಟುತ್ತದೆ.

14
ನೂರಾರು ಪಾಟ್‌ಗಳು ಒಂದಕ್ಕೊಂದು ಸರಣಿಯಲ್ಲಿ. ಮೊದಲನೆಯದಕ್ಕೆ ಹೊಕ್ಕ ಕರೆಂಟೇ ಕೊನೆಯದರಿಂದ ಹೊರಬರುತ್ತದೆ. ನಡುವೆ ಒಂದು ಪಾಟ್ ಕೆಟ್ಟರೆ ಕರೆಂಟು ಅದನ್ನು ಬಿಟ್ಟು ಮುಂದೆ ಹೋಗುವಂತೆ ಲೋಹದ ಪಟ್ಟಿ, ಅಂದರೆ ಬಸ್‌ಬಾರ್ ಜೋಡಿಸುತ್ತಾರೆ. ಸಾಲು ನಿಲ್ಲಿಸುವುದಿಲ್ಲ.

15
ಪಾಟ್‌ರೂಮ್‌ನಲ್ಲಿ ಅಯಸ್ಕಾಂತ ಕ್ಷೇತ್ರ ಜೋರು. ಪೇಪರ್ ಕ್ಲಿಪ್ಪು ಒಂದರ ತುದಿಗೆ ಒಂದು ಅಂಟಿಕೊಂಡು ನೆಟ್ಟಗೆ ನಿಲ್ಲುತ್ತದೆ. ಮುಳ್ಳಿನ ವಾಚು ಕೆಡುತ್ತದೆ. ಬ್ಯಾಂಕ್ ಕಾರ್ಡಿನ ಪಟ್ಟಿ ಅಳಿಸಿಹೋಗುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರಿಗೆ ಪ್ರವೇಶವಿಲ್ಲ.

ಸಮಯ, ದುಡ್ಡು ಎರಡನ್ನೂ ಹೊರಗೆ ಬಿಟ್ಟು ಒಳಗೆ ಹೋಗಬೇಕು.

16
ಪಾಟ್‌ನೊಳಗೆ ಲೋಹ ತಳದಲ್ಲಿ, ಕ್ರಯೋಲೈಟ್ ಮೇಲೆ. ಎರಡರ ಸಾಂದ್ರತೆಯ ವ್ಯತ್ಯಾಸ ಹತ್ತರಲ್ಲಿ ಒಂದು ಪಾಲು. ಅಯಸ್ಕಾಂತ ಕ್ಷೇತ್ರಕ್ಕೆ ಸಿಕ್ಕಿ ಕರಗಿದ ಲೋಹ ಸುತ್ತುತ್ತದೆ, ಅಲೆ ಏಳುತ್ತದೆ. ಆನೋಡಿನ ತಳಕ್ಕೂ ಲೋಹದ ಮೇಲ್ಮೈಗೂ ನಡುವೆ ಇರುವುದು ನಾಲ್ಕೈದು ಸೆಂಟಿಮೀಟರ್. ಅಲೆ ಎದ್ದು ಮುಟ್ಟಿದರೆ ಶಾರ್ಟ್. ಪಾಟ್ ವಿನ್ಯಾಸ ಮಾಡುವವರ ಮುಕ್ಕಾಲು ಕೆಲಸ ಈ ಅಲೆಯನ್ನು ತಗ್ಗಿಸುವುದು. ಹೊರಗೆ, ಬಂದರಿನಲ್ಲಿ, ಅಲೆ ತಡೆಯುವುದಕ್ಕೆ ಕಲ್ಲಿನ ಗೋಡೆ ಇದೆ.

17
ಅಲ್ಯೂಮಿನಾ ಕಡಿಮೆಯಾದರೆ ಪಾಟ್‌ನ ವೋಲ್ಟೇಜು ನಾಲ್ಕರಿಂದ ಮೂವತ್ತಕ್ಕೆ, ಇನ್ನೂ ಮೇಲಕ್ಕೆ ಹಾರುತ್ತದೆ. ಇದಕ್ಕೆ ಆನೋಡ್ ಎಫೆಕ್ಟ್ ಎನ್ನುತ್ತಾರೆ. ಕಂಪ್ಯೂಟರ್ ಬರುವ ಮುಂಚೆ ಪ್ರತಿ ಪಾಟ್‌ಗೂ ಒಂದು ಬಲ್ಬು ಇರುತ್ತಿತ್ತು. ಅದು ಹೊತ್ತಿದರೆ ಆಳು ಓಡಿಬಂದು ಹಸಿ ಮರದ ಗಳು ತೂರುತ್ತಿದ್ದ. ಮರ ಸುಟ್ಟು ಗುಳ್ಳೆ ಎದ್ದು ಪಾಟ್ ಕದಡುತ್ತಿತ್ತು, ವೋಲ್ಟೇಜು ಇಳಿಯುತ್ತಿತ್ತು. ಲಕ್ಷಾಂತರ ಆಂಪಿಯರಿನ ಯಂತ್ರಕ್ಕೆ ಮದ್ದು ಒಂದು ಹಸಿ ಕೋಲು.

18
ಆ ಹೊತ್ತಿನಲ್ಲಿ ಹೊರಬೀಳುವ ಅನಿಲಗಳಲ್ಲಿ ಒಂದು ಕಾರ್ಬನ್ ಟೆಟ್ರಾಫ್ಲೋರೈಡ್. ವಾತಾವರಣದಲ್ಲಿ ಅದರ ಆಯುಸ್ಸು ಸುಮಾರು 50,000 ವರ್ಷ. ಆನೋಡ್ ಎಫೆಕ್ಟಿನ ಆಯುಸ್ಸು ಕೆಲವು ನಿಮಿಷ.

19
ಪಾಟ್‌ನ ಹೊಗೆಯಲ್ಲಿ ಫ್ಲೋರೈಡ್ ಇರುತ್ತದೆ. ಅದನ್ನು ಹಿಡಿಯುವುದಕ್ಕೆ ಹೊಸ ಅಲ್ಯೂಮಿನಾ ಪುಡಿಯನ್ನೇ ಹೊಗೆಯೊಳಕ್ಕೆ ತೂರುತ್ತಾರೆ. ಪುಡಿ ಫ್ಲೋರೈಡನ್ನು ಮೈಗೆ ಹತ್ತಿಸಿಕೊಳ್ಳುತ್ತದೆ. ಆಮೇಲೆ ಅದೇ ಪುಡಿ ಪಾಟ್‌ಗೆ.

20
ಕರೆಂಟು ನಾಲ್ಕೈದು ಗಂಟೆ ಹೋದರೆ ಪಾಟ್ ಹೆಪ್ಪುಗಟ್ಟತೊಡಗುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಸ್ವಿಚ್ಚು ಹಾಕಿದರೆ ಉಪಯೋಗವಿಲ್ಲ. ಒಡೆದು ತೆಗೆಯಬೇಕು.

21
ಕತಾರಿನ ಮೆಸಾಯೀದ್ ಬಂದರಿನಲ್ಲಿ ಕತಾಲಂ ಎಂಬ ಕಾರ್ಖಾನೆ. ಅದಕ್ಕೆಂದೇ ಕಟ್ಟಿದ ಅನಿಲದ ವಿದ್ಯುದಾಗಾರ ಅಲ್ಲೇ ಇದೆ. 2010ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಯಿತು. ಆಗಸ್ಟ್‌ನಲ್ಲಿ ಕರೆಂಟು ಹೋಯಿತು. ಪೂರ್ಣ ಉತ್ಪಾದನೆಗೆ ಬಂದದ್ದು 2011ರಲ್ಲಿ.

22
ಹಾಗಾಗಿ ಹಬ್ಬಕ್ಕೆ ರಜೆ ಇಲ್ಲ. ರಾತ್ರಿ ಇಲ್ಲ. ಲೋಹದ ಬೆಲೆ ಬಿದ್ದರೂ ನಿಲ್ಲಿಸುವ ಹಾಗಿಲ್ಲ. ಬೇಡಿಕೆ ಇಲ್ಲದ ದಿನ ಅಂಗಡಿ ಬಾಗಿಲು ಹಾಕುವ ಸ್ವಾತಂತ್ರ್ಯ ಎಲ್ಲ ವ್ಯಾಪಾರಕ್ಕೂ ಇದೆ ಎಂದುಕೊಂಡಿದ್ದೆ.

23
ಒಂದು ಟನ್ ಲೋಹಕ್ಕೆ ಸುಮಾರು 14,000 ಯೂನಿಟ್ ವಿದ್ಯುತ್ತು. ಜೆಬೆಲ್ ಅಲಿಯಲ್ಲಿ ವರ್ಷಕ್ಕೆ ಸುಮಾರು ಹತ್ತು ಲಕ್ಷ ಟನ್ ಲೋಹ. ಗುಣಿಸಿ ನೋಡಿದರೆ ಹಗಲಿರುಳೂ 1,600 ಮೆಗಾವಾಟ್.

24
ಡುಬಾಲ್ ತನ್ನ ಪರಿಚಯದಲ್ಲಿ ತನ್ನ ವಿದ್ಯುದಾಗಾರದ ಬಗ್ಗೆ ಹೀಗೆ ಹೇಳಿಕೊಳ್ಳುತ್ತಿತ್ತು: 2,350 ಮೆಗಾವಾಟ್, 30 ಡಿಗ್ರಿಯಲ್ಲಿ.

ಗ್ಯಾಸ್ ಟರ್ಬೈನು ಗಾಳಿ ಹೀರುತ್ತದೆ. ಕಾದ ಗಾಳಿ ತೆಳು. ಸೆಕೆ ಏರಿದಷ್ಟೂ ಉತ್ಪಾದನೆ ಇಳಿಯುತ್ತದೆ. ದುಬೈಯಲ್ಲಿ ಜುಲೈ ಮಧ್ಯಾಹ್ನ 45 ಡಿಗ್ರಿಯೂ ಆಗುತ್ತದೆ. ಕೊಲ್ಲಿಯ ಹಲವು ವಿದ್ಯುದಾಗಾರಗಳಲ್ಲಿ ಟರ್ಬೈನಿಗೆ ಹೋಗುವ ಗಾಳಿಯನ್ನು ಮೊದಲು ತಂಪು ಮಾಡುತ್ತಾರೆ. ತಂಪು ಮಾಡುವ ಯಂತ್ರ ಓಡುವುದು ವಿದ್ಯುತ್ತಿನಿಂದ.

25
ಹಿಂದೆ ಅಲ್ಯೂಮಿನಿಯಂ ಕಾರ್ಖಾನೆಗಳು ಜಲಪಾತ ಹುಡುಕಿಕೊಂಡು ಹೋಗುತ್ತಿದ್ದವು. ಸ್ವಿಟ್ಜರ್ಲೆಂಡಿನ ನಾಯ್‌ಹೌಸನ್ ಕಾರ್ಖಾನೆ ರೈನ್ ಜಲಪಾತದ ಬುಡದಲ್ಲಿತ್ತು. ಆಮೇಲೆ ಅಮೆರಿಕದ ನಯಾಗರಾ. ಆಮೇಲೆ ಸ್ಕಾಟ್ಲೆಂಡಿನ ಫೋಯರ್ಸ್. ನೀರು ಬೀಳುವಲ್ಲಿ ಕರೆಂಟು ಅಗ್ಗ.

26
ಜೆಬೆಲ್ ಅಲಿಯಲ್ಲಿ ಬೀಳುವ ನೀರಿಲ್ಲ, ಹರಿಯುವ ನೀರೂ ಇಲ್ಲ. ಕಾರ್ಖಾನೆಯೇ ನೀರು ಮಾಡಿತು. ವಿದ್ಯುದಾಗಾರದಲ್ಲಿ ವ್ಯರ್ಥವಾಗುವ ಬಿಸಿಯಿಂದ ಕಡಲ ನೀರು ಕುದಿಸಿ, ಆವಿ ಹಿಡಿದು ಸಿಹಿನೀರು. ಡುಬಾಲ್ ಪರಿಚಯದಲ್ಲೇ ಇನ್ನೊಂದು ಸಾಲು: ದಿನಕ್ಕೆ ಮೂರು ಕೋಟಿ ಗ್ಯಾಲನ್. ಲೀಟರಿನಲ್ಲಿ ಹದಿಮೂರೂವರೆ ಕೋಟಿ ದಾಟುತ್ತದೆ. ದುಬೈ ನಗರ ವರ್ಷಗಟ್ಟಲೆ ಈ ನೀರು ಕುಡಿದಿದೆ.

ಕೆಲವು ಪಟ್ಟಿಗಳಲ್ಲಿ ಇದು ಅಲ್ಯೂಮಿನಿಯಂ ಕಾರ್ಖಾನೆ. ಕೆಲವು ಪಟ್ಟಿಗಳಲ್ಲಿ ನೀರಿನ ಘಟಕ.

27
ಬೆಳಗಾವಿಯಲ್ಲೂ ಒಂದು ಕಾಲಕ್ಕೆ ಪಾಟ್‌ಗಳಿದ್ದವು. ಬಾಕ್ಸೈಟ್ ಹತ್ತಿರವೇ, ಕೊಲ್ಹಾಪುರ ಜಿಲ್ಲೆಯ ಗುಡ್ಡಗಳಲ್ಲಿ. ಅಲ್ಯೂಮಿನಾ ಕಾರ್ಖಾನೆ ಊರಿನಲ್ಲೇ. ವಿದ್ಯುತ್ತಿನ ಅಭಾವ, ವಿದ್ಯುತ್ತಿನ ದರ. ಪಾಟ್‌ಗಳು ನಿಂತವು. ಅಲ್ಯೂಮಿನಾ ಕಾರ್ಖಾನೆ ಈಗಲೂ ನಡೆಯುತ್ತಿದೆ.

28
ಬೆಳಗಾವಿಯಲ್ಲಿ ಮಣ್ಣಿತ್ತು. ಜೆಬೆಲ್ ಅಲಿಯಲ್ಲಿ ಅನಿಲವಿತ್ತು.

29
ದುಬೈಯ ಎಣ್ಣೆ ಉತ್ಪಾದನೆ ತುದಿ ಮುಟ್ಟಿದ್ದು 1991ರ ಸುಮಾರಿಗೆ. ಆಮೇಲೆ ಇಳಿಯಿತು. ಎಣ್ಣೆಯ ಜೊತೆ ಬರುವ ಅನಿಲವೂ ಇಳಿಯಬೇಕಷ್ಟೆ. ಪಾಟ್‌ಗಳ ಸಂಖ್ಯೆ ಮಾತ್ರ ಏರುತ್ತ ಹೋಯಿತು. 360ರಿಂದ 1,500 ದಾಟಿತು.

30
2007ರಲ್ಲಿ ಕತಾರಿನಿಂದ ಪೈಪು ಬಂತು. ಹೆಸರು ಡಾಲ್ಫಿನ್. ರಾಸ್ ಲಫಾನ್‌ನಿಂದ ಅಬುಧಾಬಿಯ ತವೀಲಾವರೆಗೆ ಕಡಲಡಿಯಲ್ಲಿ 364 ಕಿಲೋಮೀಟರ್. ಅಲ್ಲಿಂದ ಮುಂದೆ ದುಬೈಗೂ ಅನಿಲ ಹೋಗುತ್ತದೆ.

2017ರ ಜೂನ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನ ಕತಾರಿನ ಜೊತೆ ಸಂಬಂಧ ಕಡಿದುಕೊಂಡಿತು. ವಿಮಾನ ನಿಂತಿತು. ಹಡಗು ನಿಂತಿತು. ರಾಯಭಾರಿಗಳು ಮರಳಿದರು. 2021ರ ಜನವರಿಯವರೆಗೆ ಹೀಗೇ. ಅಷ್ಟೂ ಕಾಲ ಪೈಪಿನಲ್ಲಿ ಅನಿಲ ಬರುತ್ತಲೇ ಇತ್ತು. ಕತಾರ್ ವಾಲ್ವು ತಿರುಗಿಸಲಿಲ್ಲ. ಇವರು ಬೇಡವೆನ್ನಲಿಲ್ಲ.

31
ತವೀಲಾದಲ್ಲಿ ಇನ್ನೊಂದು ಕಾರ್ಖಾನೆ, ಎಮಾಲ್. ಮೊದಲ ಲೋಹ 2009ರ ಕೊನೆಯಲ್ಲಿ. ಅದರ ಎರಡನೇ ಹಂತದ ಪಾಟ್‌ಲೈನು 1.7 ಕಿಲೋಮೀಟರ್ ಉದ್ದ, 444 ಪಾಟ್. ಕಟ್ಟಿದಾಗ ಪ್ರಪಂಚದಲ್ಲೇ ಉದ್ದದ್ದು. 2014ರಲ್ಲಿ ಡುಬಾಲ್, ಎಮಾಲ್ ಎರಡೂ ಕೂಡಿ ಎಮಿರೇಟ್ಸ್ ಗ್ಲೋಬಲ್ ಅಲ್ಯೂಮಿನಿಯಂ ಆಯಿತು. ಅರ್ಧ ದುಬೈ ಸರ್ಕಾರದ ಸಂಸ್ಥೆಯದು, ಅರ್ಧ ಅಬುಧಾಬಿ ಸರ್ಕಾರದ ಸಂಸ್ಥೆಯದು.

32
ತವೀಲಾ ಕಾರ್ಖಾನೆಯ ಕಡಲದಂಡೆಗೆ ಹಾಕ್ಸ್‌ಬಿಲ್ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅಳಿವಿನಂಚಿನ ಜಾತಿ. ಕಾರ್ಖಾನೆಯವರು ಗೂಡುಗಳನ್ನು ಕಾಯುತ್ತಾರೆ. ಬೇಲಿಯೊಳಗಿನ ದಂಡೆ, ಜನ ಬರುವುದಿಲ್ಲ. ಆಮೆಗಳಿಗೆ ಅದೇ ಬೇಕಿತ್ತೋ ಏನೋ.

33
2019ರಲ್ಲಿ ತವೀಲಾದಲ್ಲಿ ಅಲ್ಯೂಮಿನಾ ಕಾರ್ಖಾನೆ ಶುರುವಾಯಿತು. ವರ್ಷಕ್ಕೆ ಸುಮಾರು 20 ಲಕ್ಷ ಟನ್. ಪುಡಿ ಕೊಳ್ಳುವ ಬದಲು ಮಣ್ಣು ಕೊಳ್ಳುವ ಲೆಕ್ಕ. ಅದೇ ವರ್ಷ ಪಶ್ಚಿಮ ಆಫ್ರಿಕಾದ ಗಿನಿಯಲ್ಲಿ ಕಂಪನಿಯದೇ ಗಣಿಯಿಂದ ಬಾಕ್ಸೈಟ್ ರಫ್ತು ಆರಂಭವಾಯಿತು. 2024ರ ಅಕ್ಟೋಬರ್‌ನಲ್ಲಿ ಗಿನಿ ಸರ್ಕಾರ ರಫ್ತು ತಡೆಯಿತು. 2025ರಲ್ಲಿ ಪರವಾನಗಿಯನ್ನೇ ಹಿಂದಕ್ಕೆ ಪಡೆಯಿತು.

34
ಅಲ್ಯೂಮಿನಾ ತೆಗೆದ ಮೇಲೆ ಕೆಂಪು ರಾಡಿ ಉಳಿಯುತ್ತದೆ. ಆಫ್ರಿಕಾದ ಕೆಂಪು ಮಣ್ಣು ಅರೇಬಿಯಾದ ಮರಳಿನ ಮೇಲೆ ರಾಶಿಯಾಗಿದೆ.

35
ಪಾಟ್‌ನ ಒಳಮೈ ವರ್ಷಗಳ ಮೇಲೆ ಹಾಳಾಗುತ್ತದೆ. ಕೆಡವಿದಾಗ ಸಿಗುವ ಕಾರ್ಬನ್ನಿನಲ್ಲಿ ಫ್ಲೋರೈಡ್, ಸಯನೈಡ್. ಎಲ್ಲಿ ಹಾಕುವುದೆಂಬುದು ಎಲ್ಲ ದೇಶದ ಕಾರ್ಖಾನೆಗಳಿಗೂ ತಲೆನೋವು. ಇಲ್ಲಿ ಸಿಮೆಂಟ್ ಕಾರ್ಖಾನೆಗಳಿಗೆ ಹೋಗುತ್ತದೆ. ಗೂಡಿನಲ್ಲಿ ಉರಿದು ಸಿಮೆಂಟಿನೊಳಗೆ ಸೇರುತ್ತದೆ. ದುಬೈಯಲ್ಲಿ ಸಿಮೆಂಟಿಗೆ ಗಿರಾಕಿ ಕಡಿಮೆಯಿಲ್ಲ.

36
ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಸಂಸ್ಥಾನದ ನಿಯಮ. ಕಟ್ಟಡದ ಮೇಲಿರುವವರು ಇಳಿದು ನೆರಳಿಗೆ ಹೋಗುತ್ತಾರೆ.

ಪಾಟ್‌ರೂಮ್‌ಗೆ ಸೂರು ಇದೆ.

37
ಕೊಲ್ಲಿಯ ಒಂದು ಪಾಟ್‌ರೂಮ್‌ನಲ್ಲಿ ದುಡಿದು ಊರಿಗೆ ಮರಳಿದ ಕುಂದಾಪುರದ ಕಡೆಯ ಒಬ್ಬರನ್ನು ಸೆಕೆ ಹೇಗೆ ಎಂದು ಕೇಳಿದೆ. “ಒಳಗಿಂದ ಹೊರಗೆ ಬಂದ್ರೆ ತಂಪು ಮಾರಾಯ್ರೆ,” ಎಂದರು. ಹೊರಗೆ ಎಷ್ಟಿರುತ್ತಿತ್ತು? “ನಲವತ್ತೈದು.”

38
ಅವರು ಮನೆಗೆ ಹಾಕಿಸಿದ ಕಿಟಕಿಗಳು ತೇಗದವು.

39
2021ರಲ್ಲಿ ಸೂರ್ಯನ ಬೆಳಕಿನಿಂದ ಮಾಡಿದ ಅಲ್ಯೂಮಿನಿಯಂ ಎಂಬುದನ್ನು ಕಂಪನಿ ಮಾರಲು ತೊಡಗಿತು. ದುಬೈ ಮರುಭೂಮಿಯ ಸೌರ ಪಾರ್ಕಿನಿಂದ ವರ್ಷಕ್ಕೆ 5,60,000 ಮೆಗಾವಾಟ್ ಅವರ್, 40,000 ಟನ್ ಲೋಹಕ್ಕೆ ಸಾಕಾಗುವಷ್ಟು. ಮೊದಲ ಗಿರಾಕಿ ಜರ್ಮನಿಯ ಕಾರು ಕಂಪನಿ ಬಿಎಂಡಬ್ಲ್ಯು.

ಸೂರ್ಯ ಸಂಜೆ ಮುಳುಗುತ್ತಾನೆ. ಪಾಟ್ ನಿಲ್ಲುವಂತಿಲ್ಲ. ಯಾವ ಗಟ್ಟಿ ಸೂರ್ಯನದು, ಯಾವುದು ಅನಿಲದ್ದು ಎಂದು ತೂಗಿ ನೋಡಿದರೆ ತಿಳಿಯುವುದಿಲ್ಲ. ಕಾಗದದಲ್ಲಿ ಬರೆದಿರುತ್ತದೆ.

40
ಕೊಲ್ಲಿಯಲ್ಲಿ ಅಲ್ಯೂಮಿನಿಯಂ ಮೊದಲು ಮಾಡಿದ ಅರಬ್ ನಾಡು ಬಹರೇನ್. ಕಾರ್ಖಾನೆ ಆಲ್ಬಾ, ವರ್ಷ 1971. ಬಹರೇನ್ ಸ್ವತಂತ್ರವಾದ ವರ್ಷವೂ ಅದೇ. ಡುಬಾಲ್ ಎಂಟು ವರ್ಷ ಕಿರಿದು. ಡುಬಾಲ್ ಶುರುವಾದಾಗ ಪಾಟ್‌ನ ತಂತ್ರ ಅಮೆರಿಕದ ಕೈಸರ್ ಕಂಪನಿಯದು. ತಿದ್ದುತ್ತ ತಿದ್ದುತ್ತ ಇವರದೇ ಒಂದು ಮಾದರಿ ಬಂತು. 2018ರಲ್ಲಿ ಆಲ್ಬಾ ತನ್ನ ಆರನೇ ಸಾಲು ಶುರು ಮಾಡಿದಾಗ ಅದರ ಪಾಟ್‌ಗಳ ವಿನ್ಯಾಸ ಜೆಬೆಲ್ ಅಲಿಯಿಂದ ಹೋದದ್ದು.

ಇಬ್ಬರೂ ಒಂದೇ ಮಾರುಕಟ್ಟೆಯಲ್ಲಿ ಒಂದೇ ಲೋಹ ಮಾರುತ್ತಾರೆ.

41
ಒಮಾನಿನ ಸೋಹಾರ್‌ನಲ್ಲಿ ಅಲ್ಯೂಮಿನಿಯಂ 2008ರಿಂದ. 360 ಪಾಟ್. ಅಲ್ಲಿ ಲೋಹದ ಒಂದು ಪಾಲು ಗಟ್ಟಿಯಾಗುವ ಮೊದಲೇ, ದ್ರವವಾಗಿ, ಮುಚ್ಚಿದ ಪಾತ್ರೆಯಲ್ಲಿ ಪಕ್ಕದ ತಂತಿ ಕಾರ್ಖಾನೆಗೆ ಹೋಗುತ್ತದೆ. ಸೋಹಾರ್‌ನ ಹಿಂದಿನ ಕಣಿವೆಗಳಲ್ಲಿ ತಾಮ್ರ ಕರಗಿಸಿದ ಕಿಟ್ಟದ ಗುಡ್ಡೆಗಳಿವೆ. ಸುಮೇರಿಯದ ಬರಹಗಳಲ್ಲಿ ಬರುವ ಮಗಾನ್ ಎಂಬ ತಾಮ್ರದ ನಾಡು ಇದೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಆ ತಾಮ್ರದ ಅದಿರು ಅಲ್ಲಿನ ಬೆಟ್ಟದ್ದೇ. ಸೌದೆಯೂ ಅಲ್ಲಿನದೇ.

42
ಜೆಬೆಲ್ ಅಲಿ ಹಾರ್ಮುಜ್ ಜಲಸಂಧಿಯ ಒಳಗಿದೆ. ಸೋಹಾರ್ ಹೊರಗಿದೆ. ಪುಡಿ ತರುವ ಹಡಗು, ಗಟ್ಟಿ ಒಯ್ಯುವ ಹಡಗು, ಎರಡೂ ಜೆಬೆಲ್ ಅಲಿಗೆ ಆ ಸಂದಿಯಲ್ಲೇ ಹಾದುಬರಬೇಕು.

43
ಬಳಸಿದ ಅಲ್ಯೂಮಿನಿಯಂ ಮತ್ತೆ ಕರಗಿಸಲು ಬೇಕಾದ ಶಕ್ತಿ, ಹೊಸದು ಮಾಡಲು ಬೇಕಾದದ್ದರ ಇಪ್ಪತ್ತರಲ್ಲಿ ಒಂದು ಪಾಲು.

44
ಪ್ರಪಂಚದಲ್ಲಿ ಈಗ ವರ್ಷಕ್ಕೆ ಸುಮಾರು ಏಳು ಕೋಟಿ ಟನ್ ಹೊಸ ಅಲ್ಯೂಮಿನಿಯಂ ಆಗುತ್ತದೆ. ಅರ್ಧಕ್ಕಿಂತ ಹೆಚ್ಚು ಚೀನಾದ್ದು. 2023ರ ಸುಮಾರಿಗೆ ಕೊಲ್ಲಿಯ ಅರಬ್ ನಾಡುಗಳ ಪಾಲು 60 ಲಕ್ಷ ಟನ್ನಿನಷ್ಟು. ಆರು ಜಾಗ: ಬಹರೇನ್, ಜೆಬೆಲ್ ಅಲಿ, ತವೀಲಾ, ಸೋಹಾರ್, ಮೆಸಾಯೀದ್, ಸೌದಿಯ ರಾಸ್ ಅಲ್ ಖೈರ್. ಆರರಲ್ಲಿ ತನ್ನ ದೇಶದ ಬಾಕ್ಸೈಟ್ ಇರುವುದು ರಾಸ್ ಅಲ್ ಖೈರ್‌ಗೆ ಮಾತ್ರ. ಅಲ್ ಬೈಥಾ ಗಣಿಯಿಂದ ಅಲ್ಲಿಗೆ ಮಣ್ಣು ರೈಲಿನಲ್ಲಿ ಬರುತ್ತದೆ.